ರಸ್ತೆಯೋ ಆಕಾಶವೋ: ರೋಗಿಯನ್ನು ಸಾಗಿಸಿದ ಇನ್ನೂರು ವರ್ಷಗಳ ಕತೆ

ಆಂಬ್ಯುಲೆನ್ಸಿಗೆ 'ಹಾರುವ' ಎಂಬ ಮಾತು ಅಂಟಿಕೊಂಡದ್ದು ವಿಮಾನ ಹುಟ್ಟುವುದಕ್ಕೂ ನೂರು ವರ್ಷ ಮೊದಲು. 1792ರಲ್ಲಿ ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೇ ಒಂದು ಹಗುರ ಕುದುರೆ ಗಾಡಿಯ ಯೋಜನೆ ಹಾಕಿದ. ಅಲ್ಲಿಯ ತನಕ ಗಾಯಾಳುಗಳ ಗಾಡಿಗಳು ರಣರಂಗದಿಂದ ಬಹಳ ಹಿಂದೆ ನಿಲ್ಲುತ್ತಿದ್ದವು. ಯುದ್ಧ ಮುಗಿದ ಮೇಲೆ ಹೋಗಿ ಬಿದ್ದವರನ್ನು ಹುಡುಕಿ ತರುವುದು ಪದ್ಧತಿ. ಅಷ್ಟರಲ್ಲಿ ಹಲವರ ಕತೆ ಮುಗಿದಿರುತ್ತಿತ್ತು. ಕುದುರೆಗಳು ಎಳೆದ ಫಿರಂಗಿಗಳು ರಣರಂಗದಲ್ಲಿ ಅತ್ತಿತ್ತ ಓಡುವುದನ್ನು ಕಂಡ ಲಾರೇಗೆ ಅನ್ನಿಸಿದ್ದು ಇಷ್ಟು: ಫಿರಂಗಿ ಓಡಬಹುದಾದರೆ ವೈದ್ಯ ಯಾಕೆ ಓಡಬಾರದು? ಅವನು ಆ ಗಾಡಿಗಳಿಗೆ ಇಟ್ಟ ಹೆಸರೇ 'ಹಾರುವ ಆಂಬ್ಯುಲೆನ್ಸ್'.

ಹೆಸರು ಹಾರುವುದಾದರೂ ಗಾಡಿ ಓಡಿದ್ದು ನೆಲದ ಮೇಲೆ. ಅದು ಗಾಯಾಳುವನ್ನು ಹೊತ್ತು ತರುವ ಗಾಡಿ ಮಾತ್ರ ಆಗಿರಲಿಲ್ಲ, ವೈದ್ಯನನ್ನೂ ಬ್ಯಾಂಡೇಜನ್ನೂ ಗಾಯಾಳುವಿನ ಹತ್ತಿರ ಒಯ್ಯುತ್ತಿತ್ತು ಎಂಬುದು ಇಲ್ಲಿ ಮುಖ್ಯ. ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ಮೊದಲು ಯಾರನ್ನು ಎತ್ತಬೇಕು ಎಂದು ತೀರ್ಮಾನಿಸುವ ಪದ್ಧತಿಯನ್ನೂ ಲಾರೇ ತಂದ. ರೋಗಿ ಸಾಗಣೆಯ ಎರಡು ಮೂಲಪ್ರಶ್ನೆಗಳು ಅಲ್ಲಿಯೇ ಹುಟ್ಟಿದವು. ಎಷ್ಟು ಬೇಗ? ಜೊತೆಗೆ ಯಾರು? ಇವತ್ತು ನಾವು ಮೊದಲನೆಯ ಪ್ರಶ್ನೆಯನ್ನು ಕೂಗಿ ಕೇಳುತ್ತೇವೆ, ಎರಡನೆಯದನ್ನು ಕೇಳುವವರು ಕಡಿಮೆ.

ನಮ್ಮ ಉತ್ತರ ಕನ್ನಡದಲ್ಲಂತೂ ಈ ಮಾತು ಪ್ರತಿ ಮಳೆಗಾಲಕ್ಕೆ ಏಳುತ್ತದೆ. ಒಂದು ಅಪಘಾತ, ಒಂದು ಗುಡ್ಡಕುಸಿತ, ದಾರಿಯಲ್ಲೇ ಹೋದ ಒಂದು ಜೀವ. ಮರುದಿನ ಚಹಾದಂಗಡಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಮನವಿಪತ್ರದಲ್ಲಿ ಒಂದೇ ಮಾತು: 'ಹೆಲಿಕಾಪ್ಟರ್ ಇದ್ದಿದ್ರೆ ಬದುಕ್ತಿದ್ರು.' ಅದು ನಿಜವೇ? ಯಾವಾಗ ನಿಜ, ಯಾವಾಗ ಅಲ್ಲ? ಇದಕ್ಕೆ ಉತ್ತರ ಹುಡುಕಲು ಇತಿಹಾಸದ ಕಡೆ ತಿರುಗಿದೆವು.

ದಂತಕತೆಯ ಬಲೂನು

ಆಕಾಶದ ದಾರಿಗೆ ಮೊದಲಿನಿಂದಲೂ ದಂತಕತೆಯ ಗುಣವಿದೆ. 1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ ನಗರವನ್ನು ಸುತ್ತುಗಟ್ಟಿದಾಗ ಬಲೂನುಗಳಲ್ಲಿ ನೂರಾರು ಗಾಯಾಳುಗಳನ್ನು ಹೊರಗೆ ಸಾಗಿಸಿದರು ಎಂಬ ಮಾತು ಎಷ್ಟೋ ಪುಸ್ತಕಗಳಲ್ಲಿ ಬಂದಿದೆ. ಬಲೂನುಗಳು ಹಾರಿದ್ದು ನಿಜ. ಆದರೆ ಅವು ಒಯ್ದದ್ದು ಅಂಚೆ, ಪಾರಿವಾಳ ಮತ್ತು ಕೆಲವು ಪ್ರಯಾಣಿಕರನ್ನು. ಯಾರು ಯಾವ ಬಲೂನಿನಲ್ಲಿ ಹೋದರು ಎಂಬ ಪಟ್ಟಿಯನ್ನು ನಂತರದ ಸಂಶೋಧಕರು ನೋಡಿದಾಗ ಅದರಲ್ಲಿ ಗಾಯಾಳುಗಳೇ ಸಿಗಲಿಲ್ಲ. ಗಾಳಿ ಎತ್ತ ಬೀಸಿದರೆ ಅತ್ತ ಹೋಗುವ, ಎಲ್ಲಿ ಇಳಿಯುತ್ತದೆಂದು ಗೊತ್ತಿಲ್ಲದ ಬುಟ್ಟಿಯಲ್ಲಿ ನರಳುವವನನ್ನು ಕೂರಿಸುವ ಧೈರ್ಯ ಯಾರಿಗಿದ್ದೀತು?

ವಿಮಾನ ಬಂದ ಮೇಲೆ ಕನಸು ಗಟ್ಟಿಯಾಯಿತು. ಫ್ರಾನ್ಸಿನ ಮರಿ ಮಾರ್ವಿಂಗ್ಟ್ ಎಂಬ ಮಹಿಳಾ ಪೈಲಟ್ 1910ರಲ್ಲಿಯೇ ಗಾಯಾಳುಗಳಿಗಾಗಿ ವಿಶೇಷ ವಿಮಾನ ಬೇಕೆಂದು ಸರ್ಕಾರಕ್ಕೆ ಹೇಳಿದರು. ತಾವೇ ದುಡ್ಡು ಕೂಡಿಸಿ ಒಂದು ಕಂಪನಿಗೆ ಆರ್ಡರ್ ಕೊಟ್ಟರು. ಕಂಪನಿ ದಿವಾಳಿಯಾಯಿತು, ವಿಮಾನ ಬರಲಿಲ್ಲ. ಆಕಾಶದ ಸೇವೆಗೂ ಹಣಕಾಸಿಗೂ ಇರುವ ಗಂಟು ಅಂದೇ ಬಿದ್ದಿತ್ತು ಅನ್ನಬೇಕು.

1917ರಲ್ಲಿ ಸಿನಾಯ್ ಮರುಭೂಮಿಯಲ್ಲಿ ಬ್ರಿಟಿಷ್ ಒಂಟೆ ಪಡೆಯ ಒಬ್ಬ ಸೈನಿಕನ ಕಾಲಿನ ಗಂಟಿಗೆ ಗುಂಡು ತಗುಲಿತು. ಅವನನ್ನು ಪುಟ್ಟ ವಿಮಾನದಲ್ಲಿ ಕೂರಿಸಿ ಆಸ್ಪತ್ರೆಗೆ ತಂದರು. ತೆಗೆದುಕೊಂಡದ್ದು 45 ನಿಮಿಷ. ಒಂಟೆಯ ಮೇಲೆ ಬಂದಿದ್ದರೆ ಸುಮಾರು ಮೂರು ದಿನ. ಮೂರು ದಿನಕ್ಕೆ ಪ್ರತಿಯಾಗಿ ಮುಕ್ಕಾಲು ಗಂಟೆ ಎಂದರೆ ಅಲ್ಲಿ ಚರ್ಚೆಗೇ ಜಾಗವಿಲ್ಲ.

ಆಸ್ಟ್ರೇಲಿಯಾದಲ್ಲೂ ಹಾಗೆಯೇ ಆಯಿತು. ಒಳನಾಡಿನಲ್ಲಿ ದನ ಸಾಕಿಕೊಂಡು ಬದುಕುವವರಿಗೆ ವೈದ್ಯ ನೂರಾರು ಮೈಲಿ ದೂರ. ಪಾದ್ರಿ ಜಾನ್ ಫ್ಲಿನ್ ಅವರ ಹಲವು ವರ್ಷಗಳ ಓಡಾಟದ ಫಲವಾಗಿ 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾಂಕರಿಯಿಂದ ವೈದ್ಯರನ್ನು ಹೊತ್ತ ಮೊದಲ ವಿಮಾನ ಹಾರಿತು. ವಿಮಾನ ಕ್ವಾಂಟಸ್ ಕಂಪನಿಯಿಂದ ಬಾಡಿಗೆಗೆ ತಂದದ್ದು. ಮುಂದೆ ಅದೇ 'ಫ್ಲೈಯಿಂಗ್ ಡಾಕ್ಟರ್' ಸೇವೆ ಎಂದು ಜಗತ್ತಿಗೆಲ್ಲ ಹೆಸರಾಯಿತು.

ಈ ಕತೆ ಹೇಳುವವರು ವಿಮಾನವನ್ನು ಹೊಗಳಿ ನಿಲ್ಲಿಸುತ್ತಾರೆ. ಆದರೆ ವಿಮಾನದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಇತ್ತು. ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ ಸೈಕಲ್ಲಿನಂತೆ ಪೆಡಲ್ ತುಳಿದು ವಿದ್ಯುತ್ ಉತ್ಪಾದಿಸುವ ರೇಡಿಯೋ ಮಾಡಿದ. 1929ರಿಂದ ಅದು ಒಳನಾಡಿನ ಮನೆಗಳಿಗೆ ಹೋಯಿತು. ಕರೆ ಮಾಡುವ ದಾರಿ ಇಲ್ಲದಿದ್ದರೆ ವಿಮಾನ ಹ್ಯಾಂಗರಿನಲ್ಲಿ ನಿಂತೇ ಇರುತ್ತಿತ್ತು. ಎಷ್ಟೋ ಸಲ ವೈದ್ಯ ರೇಡಿಯೋದಲ್ಲೇ ಸಲಹೆ ಕೊಟ್ಟು ಹಾರಾಟವೇ ಬೇಡವಾಗುತ್ತಿತ್ತು. ಇವತ್ತು ಆ ಸಂಸ್ಥೆಯ ಕೆಲಸದಲ್ಲಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಗಳನ್ನು ಸಾಗಿಸುವುದು ದೊಡ್ಡ ಪಾಲು. ವಿಮಾನಕ್ಕೆ ಹೆಸರಾದ ಅದೇ ಸಂಸ್ಥೆ ಕೆಲವು ಕಡೆ ರಸ್ತೆ ವಾಹನಗಳನ್ನೂ ಓಡಿಸುತ್ತದೆ.

ಬರ್ಮಾದ ಕಾಡಿನಲ್ಲಿ ಒಬ್ಬೊಬ್ಬರೇ

ಹೆಲಿಕಾಪ್ಟರಿನ ಕತೆಗೆ ನಮ್ಮ ದೇಶದ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಹಿಂದೆ ಬರ್ಮಾದ ಕಾಡಿಗೆ ನುಗ್ಗಿದ 'ಚಿಂದಿತ್' ಪಡೆಗಳಿಗೆ ಅಸ್ಸಾಮಿನ ಲಾಲಾಘಾಟಿನಂಥ ನೆಲೆಗಳಿಂದ ವಿಮಾನಗಳು ಹಾರುತ್ತಿದ್ದವು. ಮೊದಲ ವರ್ಷ ಆ ಪಡೆಗಳು ಹೋದಾಗ ನಡೆಯಲಾರದ ಗಾಯಾಳುಗಳನ್ನು ಕಾಡಿನಲ್ಲೇ ಬಿಟ್ಟು ಬರುವ ಗತಿ ಬಂದಿತ್ತು. ಹಾಗಾಗಿ 1944ರಲ್ಲಿ ಹಗುರ ವಿಮಾನಗಳನ್ನು ಗಾಯಾಳುಗಳಿಗೆಂದೇ ಇಟ್ಟರು.

ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಅಂಥ ಒಂದು ಹಗುರ ವಿಮಾನ ಮೂವರು ಗಾಯಾಳು ಬ್ರಿಟಿಷ್ ಸೈನಿಕರ ಸಮೇತ ಶತ್ರುಗಳ ನಡುವೆ ನೆಲಕ್ಕಿಳಿಯಿತು. ಅವರನ್ನು ತರಲು ಅಮೆರಿಕದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿ ಹೆಲಿಕಾಪ್ಟರ್ ತೆಗೆದುಕೊಂಡು ಹೋದ. ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಮೂಲಕ ಜನರನ್ನು ಎತ್ತಿ ತಂದ ಮೊದಲ ಘಟನೆ ಎಂದು ಇದನ್ನು ಹೇಳುತ್ತಾರೆ. ಆದರೆ ಅವನು ಎಲ್ಲರನ್ನೂ ಒಮ್ಮೆಗೇ ತರಲಾಗಲಿಲ್ಲ. ಆ ಯಂತ್ರಕ್ಕೆ ಪೈಲಟ್ ಬಿಟ್ಟು ಒಬ್ಬನನ್ನು ಹೊರುವ ಶಕ್ತಿ ಮಾತ್ರ ಇತ್ತು, ಆ ಸೆಕೆಯಲ್ಲಿ ಅದೂ ಕಷ್ಟವಾಗಿತ್ತು. ಬಿಸಿ ಗಾಳಿ ತೆಳು, ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ ಕಾದು ನಿಲ್ಲುತ್ತಿತ್ತು. ಒಬ್ಬೊಬ್ಬರನ್ನೇ ಹೊತ್ತು ಎರಡು ದಿನ ಓಡಾಡಬೇಕಾಯಿತು. ಯಂತ್ರ ಈಗ ಎಷ್ಟೋ ಬಲವಾಗಿದೆ. ಆದರೂ ಉಷ್ಣತೆ, ಎತ್ತರ, ತೂಕ ಈ ಮೂರರ ಲೆಕ್ಕವನ್ನು ಪೈಲಟ್ ಇಂದಿಗೂ ಪ್ರತಿ ಹಾರಾಟಕ್ಕೂ ಹಾಕಲೇಬೇಕು.

ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರಿನ ಹೊರಬದಿಗೆ ಸ್ಟ್ರೆಚರ್ ಕಟ್ಟಿ ಸಾವಿರಾರು ಜನರನ್ನು ತಂದರು. ಹೊರಗೆ ಕಟ್ಟಿದ ಮೇಲೆ ದಾರಿಯಲ್ಲಿ ಚಿಕಿತ್ಸೆ ಎಲ್ಲಿಂದ? ವಿಯೆಟ್ನಾಂ ಯುದ್ಧದ ಹೊತ್ತಿಗೆ ದೊಡ್ಡ ಹೆಲಿಕಾಪ್ಟರ್ ಬಂತು, ಗಾಯಾಳುವಿನ ಪಕ್ಕದಲ್ಲಿ ಶುಶ್ರೂಷಕ ಕೂರುವಂತಾಯಿತು. ಯುದ್ಧದಲ್ಲಿ ಇದನ್ನು ಕಂಡವರು ಊರಿಗೆ ಮರಳಿ ಕೇಳಿದರು: ಕಾಡಿನಲ್ಲಿ ಸೈನಿಕನಿಗೆ ಸಿಕ್ಕಿದ್ದು ಹೆದ್ದಾರಿಯಲ್ಲಿ ನಾಗರಿಕನಿಗೆ ಯಾಕಿಲ್ಲ?

ಬಂಗಾರದ ಗಂಟೆ ಮತ್ತು ಅನುಮಾನ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಡಾ. ಆರ್. ಆ್ಯಡಮ್ಸ್ ಕೌಲಿ ಅಪಘಾತದ ಗಾಯಾಳುಗಳಿಗೆಂದೇ ಕೇಂದ್ರ ಕಟ್ಟಿದರು. ಮೊದಲ ಒಂದು ಗಂಟೆಯೇ ಜೀವ ಉಳಿಸುವ 'ಗೋಲ್ಡನ್ ಅವರ್' ಎಂದು ಅವರು ಹೇಳಿದ ಮಾತು ಇವತ್ತು ನಮ್ಮ ಆರ್‌ಟಿಓ ಕಚೇರಿಯ ಗೋಡೆಯ ಮೇಲೂ ಇದೆ. 1970ರಲ್ಲಿ ಆ ರಾಜ್ಯದ ಪೊಲೀಸ್ ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನು ತರತೊಡಗಿದವು. ಅದೇ ವರ್ಷ ನವೆಂಬರ್ 1ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ 'ಕ್ರಿಸ್ಟಾಫ್ 1' ಹೆಲಿಕಾಪ್ಟರ್ ಸೇವೆಗೆ ಇಳಿಯಿತು. 1972ರಲ್ಲಿ ಡೆನ್ವರ್‌ನ ಆಸ್ಪತ್ರೆಯೊಂದು ತನ್ನದೇ ಹೆಲಿಕಾಪ್ಟರ್ ಇಟ್ಟುಕೊಂಡಿತು.

ಮೂವತ್ತು ವರ್ಷ ಹಾರಿದ ಮೇಲೆ ಅನುಮಾನಗಳು ಬಂದವು. 2001ರಲ್ಲಿ ಇಬ್ಬರು ಸಂಶೋಧಕರು ಆ 'ಬಂಗಾರದ ಗಂಟೆ'ಯ ಆಧಾರ ಹುಡುಕುತ್ತ ಹಳೆಯ ಲೇಖನಗಳನ್ನೆಲ್ಲ ಜಾಲಾಡಿದರು. ಅರವತ್ತೇ ನಿಮಿಷ ಎಂಬ ಗೆರೆಗೆ ಗಟ್ಟಿ ಅಂಕಿಅಂಶ ಅವರಿಗೆ ಸಿಗಲಿಲ್ಲ. ಬೇಗ ಚಿಕಿತ್ಸೆ ಸಿಕ್ಕರೆ ಒಳ್ಳೆಯದು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇದ್ದದ್ದು ಎಲ್ಲ ಕಾಯಿಲೆಗೂ ಒಂದೇ ಗಡಿಯಾರ ಕಟ್ಟುವುದರ ಬಗ್ಗೆ.

2005ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪ್ರದೇಶದ ಅಧ್ಯಯನವೊಂದು ಇನ್ನೂ ನೇರವಾದ ಪ್ರಶ್ನೆ ಕೇಳಿತು. ಹೆಲಿಕಾಪ್ಟರ್ ನಿಜವಾಗಿ ಯಾವಾಗ ಬೇಗ ತಲುಪುತ್ತದೆ? ಎರಡನ್ನೂ ಒಟ್ಟಿಗೆ ಕರೆದರೆ ಹತ್ತು ಮೈಲಿಗಿಂತ, ಅಂದರೆ 16 ಕಿ.ಮೀ.ಗಿಂತ ದೂರಕ್ಕೆ ಹೆಲಿಕಾಪ್ಟರ್ ಬೇಗ. ಮೊದಲು ಆಂಬ್ಯುಲೆನ್ಸ್ ಬಂದು ನೋಡಿ, ಆಮೇಲೆ ಹೆಲಿಕಾಪ್ಟರ್ ಕರೆದರೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ. ದಾಟಿದ ಮೇಲಷ್ಟೇ ಅದರ ಲಾಭ. ಹಾರುವ ವೇಗ ಎರಡೂ ಲೆಕ್ಕದಲ್ಲಿ ಒಂದೇ ಇದ್ದಾಗ ವ್ಯತ್ಯಾಸ ಎಲ್ಲಿಂದ ಬಂತು? ಕರೆಯುವುದರಲ್ಲಿ, ಎಂಜಿನ್ ಶುರು ಮಾಡುವುದರಲ್ಲಿ, ಇಳಿಯುವುದರಲ್ಲಿ, ರೋಗಿಯನ್ನು ಏರಿಸಿ ಇಳಿಸುವುದರಲ್ಲಿ. ಇದು ಅಲ್ಲಿನ ನೇರ ರಸ್ತೆಗಳ, ಸಜ್ಜಾಗಿ ನಿಂತ ಹೆಲಿಕಾಪ್ಟರುಗಳ ಲೆಕ್ಕ. ನಮ್ಮ ಘಟ್ಟದ ರಸ್ತೆಗೆ ಹಾಗೇ ತಂದು ಅಂಟಿಸಲು ಬರುವುದಿಲ್ಲ. ಲೆಕ್ಕ ಹಾಕುವ ಕ್ರಮವನ್ನು ಮಾತ್ರ ತರಬಹುದು.

2008ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡಿನಲ್ಲೇ ಒಂದು ದುರಂತ ನಡೆಯಿತು. ಕಾರು ಅಪಘಾತದಲ್ಲಿ ಗಾಯಗೊಂಡ ಇಬ್ಬರು ಹದಿಹರೆಯದ ಹುಡುಗಿಯರನ್ನು ಹೊತ್ತ ಪೊಲೀಸ್ ಹೆಲಿಕಾಪ್ಟರ್ ಮಧ್ಯರಾತ್ರಿ ಮಂಜಿನಲ್ಲಿ ದಾರಿ ಕಾಣದೆ ಬಿತ್ತು. ಐವರಲ್ಲಿ ನಾಲ್ವರು ಸತ್ತರು. ಕಾರಿನ ಅಪಘಾತದಲ್ಲಿ ಬದುಕಿದ್ದ ಹುಡುಗಿಯರಲ್ಲಿ ಒಬ್ಬಳು ಹೆಲಿಕಾಪ್ಟರಿನಲ್ಲಿ ಹೋದಳು. ಅವರಿಗೆ ಹೆಲಿಕಾಪ್ಟರ್ ಬೇಕಿತ್ತೇ ಎಂಬ ಪ್ರಶ್ನೆ ಎದ್ದಿತು. ಅದರ ನಂತರ, ಗಾಯ ತೀರಾ ಗಂಭೀರವಲ್ಲದಿದ್ದರೆ ಹೆಲಿಕಾಪ್ಟರ್ ಕರೆಯುವ ಮುನ್ನ ಆಸ್ಪತ್ರೆಯ ವೈದ್ಯರ ಜೊತೆ ಮಾತಾಡಬೇಕು ಎಂಬ ನಿಯಮ ಬಂತು. ಹಾರಾಟಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹೆಲಿಕಾಪ್ಟರ್ ಸೇವೆಯ ತವರಿನಲ್ಲೇ 'ಬೇಡದ ಕಡೆ ಹಾರಬೇಡಿ' ಎಂದು ಬರೆದುಕೊಳ್ಳಬೇಕಾಯಿತು.

ದುಡ್ಡಿನ ಮಾತೂ ಇದೆ. ಅಮೆರಿಕದಲ್ಲಿ 1978ರ ವಿಮಾನಯಾನ ಕಾನೂನಿನ ಕಾರಣ ಏರ್ ಆಂಬ್ಯುಲೆನ್ಸಿನ ದರಕ್ಕೆ ರಾಜ್ಯ ಸರ್ಕಾರಗಳು ಕಡಿವಾಣ ಹಾಕುವಂತಿರಲಿಲ್ಲ. ಪ್ರಜ್ಞೆ ತಪ್ಪಿದ ರೋಗಿ ಎದ್ದು ನೋಡಿದರೆ ಕೈಯಲ್ಲಿ ಮನೆ ಮಾರುವಂಥ ಬಿಲ್ಲು. 2022ರ ಜನವರಿಯಿಂದ ಜಾರಿಯಾದ ಕಾನೂನು ವಿಮೆ ಇದ್ದವರನ್ನು ಏರ್ ಆಂಬ್ಯುಲೆನ್ಸಿನ ಅಂಥ ಅನಿರೀಕ್ಷಿತ ಬಿಲ್ಲಿನಿಂದ ಕಾಪಾಡಿತು. ವಿಚಿತ್ರವೆಂದರೆ ನೆಲದ ಆಂಬ್ಯುಲೆನ್ಸನ್ನು ಅದೇ ಕಾನೂನು ಹೊರಗೆ ಬಿಟ್ಟಿತು. ದಿನಬೆಳಗಾದರೆ ಓಡುವ ವಾಹನದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂಬುದು ನಮ್ಮಲ್ಲಿ ಮಾತ್ರ ಅಲ್ಲ.

ಆಸ್ಪತ್ರೆಯಿಂದ ಆಸ್ಪತ್ರೆಗೆ: ಬೇರೆಯೇ ಲೆಕ್ಕ

ರಸ್ತೆ ಮಧ್ಯೆ ಬಿದ್ದವನನ್ನು ಎತ್ತುವುದು ಬೇರೆ, ಒಂದು ಆಸ್ಪತ್ರೆಯ ಬೆಡ್ಡಿನಿಂದ ಇನ್ನೊಂದು ಆಸ್ಪತ್ರೆಯ ಬೆಡ್ಡಿಗೆ ಸಾಗಿಸುವುದು ಬೇರೆ. ಎರಡನೆಯದರಲ್ಲಿ ರೋಗಿಯ ತಲೆಯ ಮೇಲೆ ಸೂರಿದೆ, ಆಕ್ಸಿಜನ್ ಇದೆ, ಒಬ್ಬರಾದರೂ ವೈದ್ಯರಿದ್ದಾರೆ. ಅಲ್ಲಿಂದ ಹೊರಡುವ ಮುನ್ನ ಉಸಿರಾಟ, ರಕ್ತದೊತ್ತಡ, ರಕ್ತಸ್ರಾವಗಳನ್ನು ಒಂದು ಹದಕ್ಕೆ ತರಲು ಅವಕಾಶವಿದೆ. ಆ ಹೊತ್ತನ್ನು ಬಿಟ್ಟು ಓಡಿದರೆ ಯಾವ ವಾಹನದಲ್ಲಿ ಹೋದರೂ ಅಪಾಯವೇ.

ವಿಮಾನಕ್ಕೆ ಅದರದೇ ತೊಂದರೆಗಳಿವೆ. ಎತ್ತರದಲ್ಲಿ ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಕರಾವಳಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಮಡಿಕೇರಿ ತಲುಪುವಷ್ಟರಲ್ಲಿ ಉಬ್ಬಿರುವುದನ್ನು ನೀವು ನೋಡಿರಬಹುದು. ದೇಹದೊಳಗೆ ಸಿಕ್ಕಿಕೊಂಡ ಗಾಳಿಯೂ ಹಾಗೆಯೇ ಉಬ್ಬುತ್ತದೆ. ಎಂಟು ಸಾವಿರ ಅಡಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲಿನಷ್ಟು. ಶ್ವಾಸಕೋಶ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿದ ರೋಗಿಗೆ ನಳಿಕೆ ಹಾಕಿ ಗಾಳಿ ತೆಗೆಯದೆ ವಿಮಾನ ಹತ್ತಿಸುವುದು ಕೊಲೆಗೆ ಸಮ. ಎತ್ತರದಲ್ಲಿ ಆಕ್ಸಿಜನ್ನೂ ಕಡಿಮೆ, ಈಗಾಗಲೇ ಉಸಿರಿಗೆ ಒದ್ದಾಡುವವರಿಗೆ ಅದೂ ಹೊಡೆತ. ಹೆಲಿಕಾಪ್ಟರ್ ಕೆಳಗೆ ಹಾರುವುದರಿಂದ ಈ ತೊಂದರೆ ಕಡಿಮೆ. ಆದರೆ ಅದರ ಸದ್ದಿನಲ್ಲಿ ಸ್ಟೆತಸ್ಕೋಪ್ ಕಿವಿಗೆ ಏನೂ ಹೇಳುವುದಿಲ್ಲ, ಇಕ್ಕಟ್ಟಿನಲ್ಲಿ ಎದೆ ಒತ್ತಲು ಕೈ ಚಾಚಲಾಗುವುದಿಲ್ಲ. ಆಂಬ್ಯುಲೆನ್ಸನ್ನು ಬದಿಗೆ ನಿಲ್ಲಿಸಬಹುದು, ದಾರಿಯಲ್ಲಿ ಸಿಕ್ಕ ತಾಲೂಕು ಆಸ್ಪತ್ರೆಗೆ ನುಗ್ಗಿಸಬಹುದು. ಆಕಾಶದಲ್ಲಿ ನಿಲ್ದಾಣವಿಲ್ಲ.

ಹಾಗಾದರೆ ಆಕಾಶ ಬೇಡವೇ? ಖಂಡಿತ ಬೇಕಾದ ಸಂದರ್ಭಗಳಿವೆ. ಐನೂರು ಕಿಲೋಮೀಟರ್ ಆಚೆ ಮಾತ್ರ ಸಿಗುವ ಚಿಕಿತ್ಸೆ, ಹತ್ತು ಗಂಟೆಯ ರಸ್ತೆಯ ಕುಲುಕಾಟ ತಾಳಲಾರದ ದೇಹ, ದ್ವೀಪ, ಹಿಮ, ಪ್ರವಾಹ. ಅಲ್ಲೆಲ್ಲ ಅದಕ್ಕೆ ಬದಲಿಯೇ ಇಲ್ಲ.

ಕಾನೂನು ಏನು ಹೇಳಿದೆ ನೋಡಿ. ಅಮೆರಿಕ 1986ರಲ್ಲಿ ತಂದ ಕಾನೂನಿನ ಪ್ರಕಾರ ಸ್ಥಿರವಾಗದ ರೋಗಿಯನ್ನು ಕಳಿಸುವ ಆಸ್ಪತ್ರೆ ಮೊದಲು ತನ್ನಿಂದಾದ ಚಿಕಿತ್ಸೆ ಕೊಡಬೇಕು, ಬರಮಾಡಿಕೊಳ್ಳುವ ಆಸ್ಪತ್ರೆ ಜಾಗವಿದೆಯೆಂದು ಒಪ್ಪಿರಬೇಕು, ದಾಖಲೆ ಜೊತೆಗೆ ಹೋಗಬೇಕು, ತಕ್ಕ ಸಿಬ್ಬಂದಿ ಮತ್ತು ಸಲಕರಣೆ ಇರುವ ವಾಹನ ಬೇಕು. ನಮ್ಮಲ್ಲಿ 1992ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಅಲೆದ. ಎಲ್ಲೂ ಬೆಡ್ ಇಲ್ಲ ಎಂದರು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಉಳಿದ. ಆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ತುರ್ತು ಚಿಕಿತ್ಸೆ ಬದುಕುವ ಹಕ್ಕಿನ ಭಾಗ ಎಂದಿತು, 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಬೆಡ್ ಎಲ್ಲಿದೆ ಎಂದು ತಿಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕು, ಸರಿಯಾದ ಆಂಬ್ಯುಲೆನ್ಸ್ ಬೇಕು ಎಂದೂ ಹೇಳಿತು. ಇವತ್ತೂ ಜಿಲ್ಲಾ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ರೋಗಿಯ ಕಡೆಯವರೇ 'ಬೆಡ್ ಉಂಟಾ?' ಎಂದು ಫೋನು ಹಚ್ಚುವುದನ್ನು ನಾವು ನೋಡುತ್ತಲೇ ಇದ್ದೇವೆ.

ನಮ್ಮ ದೇಶದ ಆಕಾಶ

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸೇವೆ ಶುರುವಾಯಿತು. ಕರ್ನಾಟಕಕ್ಕೆ ಅದು 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಬಂತು. ಅದಕ್ಕೂ ಮೊದಲು ನಮ್ಮ ಹಳ್ಳಿಗಳಲ್ಲಿ ಆಂಬ್ಯುಲೆನ್ಸ್ ಎಂದರೆ ಅಕ್ಕಪಕ್ಕದವರ ಜೀಪು, ಅದಿಲ್ಲದ ಕಡೆ ಬಿದಿರ ಗಳಕ್ಕೆ ಕಟ್ಟಿದ ಕಂಬಳಿ ಜೋಲಿ. ಕಾಡಂಚಿನ ಕೆಲವು ಮಜರೆಗಳಲ್ಲಿ ಮಳೆಗಾಲದಲ್ಲಿ ಜೋಲಿ ಇನ್ನೂ ಹೋಗಿಲ್ಲ.

ಏರ್ ಆಂಬ್ಯುಲೆನ್ಸ್ ನಮ್ಮಲ್ಲಿ ಬೆಳೆದದ್ದು ಬಹುಮಟ್ಟಿಗೆ ಖಾಸಗಿಯಾಗಿ, ಲಕ್ಷಗಳಲ್ಲಿ ಬಾಡಿಗೆ ಕೊಡಬಲ್ಲವರಿಗಾಗಿ. 2011ರ ಮೇ 25ರ ರಾತ್ರಿ ಪಟ್ನಾದಿಂದ ದೆಹಲಿಗೆ ಯುವ ರೋಗಿಯೊಬ್ಬನನ್ನು ಹೊತ್ತು ಬರುತ್ತಿದ್ದ ಒಂಟಿ ಎಂಜಿನ್ನಿನ ವಿಮಾನ ಕೆಟ್ಟ ಹವೆಯಲ್ಲಿ ಸಿಕ್ಕಿ ಫರಿದಾಬಾದಿನ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಏಳೂ ಜನ, ನೆಲದಲ್ಲಿದ್ದ ಮೂವರು ಸತ್ತರು. ಸತ್ತವರಲ್ಲಿ ಜೊತೆಗೆ ಬಂದ ವೈದ್ಯಕೀಯ ಸಿಬ್ಬಂದಿಯೂ ಇದ್ದರು. 2024ರ ಅಕ್ಟೋಬರಿನಲ್ಲಿ ಹೃಷಿಕೇಶದ ಏಮ್ಸ್‌ನಿಂದ ಸರ್ಕಾರಿ ಹೆಲಿಕಾಪ್ಟರ್ ಸೇವೆ ಶುರುವಾಯಿತು. ಹಿಮಾಲಯದ ಆ ದಾರಿಗಳಲ್ಲಿ ಅದರ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆ ಹೆಲಿಕಾಪ್ಟರ್ 2025ರ ಮೇ 17ರಂದು ಕೇದಾರನಾಥದಲ್ಲಿ ರೋಗಿಯನ್ನು ತರಲು ಹೋಗಿ ಇಳಿಯುವಾಗ ಬಾಲ ಮುರಿದುಕೊಂಡು ಬಿತ್ತು. ಒಳಗಿದ್ದ ಪೈಲಟ್, ವೈದ್ಯ, ಶುಶ್ರೂಷಕ ಅದೃಷ್ಟಕ್ಕೆ ಉಳಿದರು.

ಹೀಗಾಯಿತೆಂದು ಸೇವೆ ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ರಸ್ತೆಯಲ್ಲಿ ಸಾಯುವ ಆಂಬ್ಯುಲೆನ್ಸ್ ಸಿಬ್ಬಂದಿಯೂ ಇದ್ದಾರೆ. ಅಪಾಯ ಎರಡೂ ಕಡೆ ಇದೆ, ತೂಗಿ ನೋಡಬೇಕು ಅಷ್ಟೇ.

ಕರಾವಳಿಯ ಲೆಕ್ಕ

ಈಗ ನಮ್ಮ ಜಿಲ್ಲೆಗೆ ಬರೋಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಈ ಕರಾವಳಿಯನ್ನು ಕತ್ತರಿಸಿವೆ. ಸೇತುವೆ ಇಲ್ಲದ ಕಾಲದಲ್ಲಿ ರೋಗಿಯನ್ನು ತಾರಿ ದೋಣಿಯಲ್ಲಿ ದಾಟಿಸಬೇಕಿತ್ತು. ಭರತದ ನೀರು, ರಾತ್ರಿ, ಮಳೆ, ದೋಣಿಯವ ಏಳಬೇಕು. ಸೇತುವೆ ಬಂದ ಮೇಲೆ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಉತ್ತರಕ್ಕೆ ಗೋವಾ, ಘಟ್ಟದ ಮೇಲೆ ಹುಬ್ಬಳ್ಳಿ, ಹೀಗೆ ಹಂಚಿಹೋದೆವು. 'ಸೀರಿಯಸ್ ಅಂತೆ, ಮಣಿಪಾಲಕ್ಕೆ ಹಾಕಿದ್ರು' ಎಂಬುದು ನಮ್ಮ ಆಡುಮಾತೇ ಆಗಿಹೋಗಿದೆ.

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಪಲ್ಟಿಯಾಯಿತು. ರೋಗಿ ಸೇರಿ ನಾಲ್ವರು ಹೋದರು. ಜಿಲ್ಲೆಗೆ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆ ವಾರ ಕಿವಿಗಡಚಿಕ್ಕಿತು. 2024ರ ಜುಲೈ 16ರಂದು ಇನ್ನೊಂದು ಶಿರೂರಿನಲ್ಲಿ, ಅಂಕೋಲಾ ತಾಲೂಕಿನದರಲ್ಲಿ, ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ ಆಗಸ್ಟ್ 7ರ ರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ದಕ್ಷಿಣದ ದಾರಿಯೂ ಉತ್ತರದ ದಾರಿಯೂ ಒಂದೇ ಮಳೆಗಾಲದಲ್ಲಿ ಏಟು ತಿಂದವು.

ಇಂಥ ಹೊತ್ತಿನಲ್ಲಿ ಆಕಾಶ ನೋಡುವುದು ಸಹಜ. ಆದರೆ ಲೆಕ್ಕ ಹಾಕಿ. ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣ ಇನ್ನೂ ಇಲ್ಲ. ಹೊನ್ನಾವರದಿಂದ ವಿಮಾನ ಹತ್ತಬೇಕಾದರೆ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ಎರಡೂ 150 ಕಿ.ಮೀ. ಮೇಲೆಯೇ. ಮಂಗಳೂರಿನ ವಿಮಾನ ನಿಲ್ದಾಣ ಮುಟ್ಟುವ ದಾರಿಯಲ್ಲಿ ಮಣಿಪಾಲದ ತಿರುವು ಮೊದಲೇ ಸಿಗುತ್ತದೆ. ವಿಮಾನ ಹತ್ತಲು ಹೋಗುವವನು ಆಸ್ಪತ್ರೆಯನ್ನು ದಾಟಿ ಹೋದ ಹಾಗಾಯಿತು. ಹೆಲಿಕಾಪ್ಟರ್ ಆದರೆ ಮೈದಾನದಲ್ಲೇ ಇಳಿಯಬಹುದು. ಆದರೆ ಅದು ಎಲ್ಲಿಂದ ಬರಬೇಕು? ಬೆಂಗಳೂರಿನಿಂದ ಹೊರಟು ಘಟ್ಟ ದಾಟಿ ಬರುವ ಹೊತ್ತು, ಅನುಮತಿಯ ಹೊತ್ತು, ಎರಡೂ ತುದಿಯಲ್ಲಿ ಮತ್ತೆ ಆಂಬ್ಯುಲೆನ್ಸ್. ಹೆಚ್ಚಾಗಿ ನಮ್ಮ ರಸ್ತೆ ಮುಚ್ಚುವುದು ಜುಲೈ, ಆಗಸ್ಟ್‌ನಲ್ಲಿ. ಮೋಡ ನೆಲಕ್ಕಿಳಿದು ಎದುರಿನ ಗುಡ್ಡ ಕಾಣದಿರುವುದೂ ಅದೇ ತಿಂಗಳುಗಳಲ್ಲಿ. ರಸ್ತೆಯನ್ನು ಕಟ್ಟಿದ ಮಳೆಯೇ ಹೆಲಿಕಾಪ್ಟರನ್ನೂ ಕಟ್ಟಿಹಾಕುತ್ತದೆ.

ರಸ್ತೆಯ ಸಾಹಸಗಳೂ ಇವೆ. 2020ರ ಫೆಬ್ರವರಿಯಲ್ಲಿ 40 ದಿನದ ಕೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಸಂಸ್ಥೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದರು. ದಾರಿಯುದ್ದಕ್ಕೂ ಜನ ನಿಂತು ದಾರಿ ಬಿಡಿಸಿದರು. ಚಾಲಕನಿಗೆ ಸಲ್ಲಬೇಕಾದ ಮೆಚ್ಚುಗೆ ಸಂದಿತು. ಆದರೆ ದಿನವೂ ಓಡುವ ರೋಗಿಗಳಿಗೆ ದಿನವೂ 'ಝೀರೋ ಟ್ರಾಫಿಕ್' ಸಿಗುವುದಿಲ್ಲ. ಶಿರಾಡಿ ತಿರುವುಗಳಲ್ಲಿ ಅಂಥ ವೇಗ ಎಲ್ಲರಿಗೂ ಮಾದರಿಯೂ ಆಗಲಾರದು.

ನಮಗೆ ಹೆಚ್ಚು ಪಾಠ ಹೇಳುವುದು 2019ರ ಏಪ್ರಿಲ್‌ನ ಇನ್ನೊಂದು ಪ್ರಯಾಣ. ಹೃದಯದ ತೊಂದರೆಯಿದ್ದ 15 ದಿನದ ಕೂಸನ್ನು ಮಂಗಳೂರಿನಿಂದ ತಿರುವನಂತಪುರಕ್ಕೆ ಆಂಬ್ಯುಲೆನ್ಸಿನಲ್ಲಿ ಹೊರಡಿಸಿದ್ದರು. ಆರುನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ವಾಹನ ದಾರಿಯಲ್ಲಿರುವಾಗಲೇ ಕೇರಳದ ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯೆ ಬಂದು, ಕೊಚ್ಚಿಯ ಆಸ್ಪತ್ರೆಯಲ್ಲಿ ಅದೇ ಚಿಕಿತ್ಸೆಗೆ ವ್ಯವಸ್ಥೆ ಮಾಡಿಸಿದರು. ಸುಮಾರು ಐದೂವರೆ ಗಂಟೆಯಲ್ಲಿ ಕೂಸು ಕೊಚ್ಚಿ ತಲುಪಿತು. ವಾಹನ ಬದಲಾಗಲಿಲ್ಲ, ವೇಗ ಬದಲಾಗಲಿಲ್ಲ. ಬದಲಾದದ್ದು ಊರು. ಒಂದು ಫೋನ್ ಕರೆ ಇನ್ನೂರು ಕಿಲೋಮೀಟರ್ ಉಳಿಸಿತು. ಪೆಡಲ್ ರೇಡಿಯೋ ಮಾಡಿದ ಕೆಲಸವನ್ನೇ ಅದೂ ಮಾಡಿದ್ದು.

ಕೇಳಬೇಕಾದ ಪ್ರಶ್ನೆಗಳು

ಇನ್ನೂರು ವರ್ಷದ ಈ ಕತೆಯನ್ನು ಓದಿದ ಮೇಲೆ ನಮಗೆ ಅನ್ನಿಸಿದ್ದು ಹೀಗೆ. ಆಕಾಶ ಗೆದ್ದದ್ದು ದಾರಿಯೇ ಇಲ್ಲದ ಕಡೆ: ಮರುಭೂಮಿ, ಆಸ್ಟ್ರೇಲಿಯಾದ ಒಳನಾಡು, ಬರ್ಮಾದ ಕಾಡು, ಹಿಮಾಲಯ. ದಾರಿ ಇರುವ ಕಡೆ ಗೆಲುವು ವಾಹನದ ವೇಗದಿಂದ ಬಂದದ್ದಕ್ಕಿಂತ ಸರಿಯಾದ ತೀರ್ಮಾನದಿಂದ ಬಂದದ್ದೇ ಹೆಚ್ಚು.

ಆದ್ದರಿಂದ ಮನೆಯಲ್ಲಿ ಯಾರನ್ನಾದರೂ ದೊಡ್ಡಾಸ್ಪತ್ರೆಗೆ ರೆಫರ್ ಮಾಡಿದರೆ, ಗಾಬರಿಯ ನಡುವೆಯೂ ನಾಲ್ಕು ಮಾತು ಕೇಳಿ. ಅಲ್ಲಿ ಸಿಗುವ ಯಾವ ಚಿಕಿತ್ಸೆ ಇಲ್ಲಿ ಇಲ್ಲ, ಅದು ಇನ್ನೂ ಹತ್ತಿರ ಎಲ್ಲಾದರೂ ಇದೆಯೇ? ಅಲ್ಲಿನ ವೈದ್ಯರ ಜೊತೆ ಇಲ್ಲಿನವರು ಮಾತಾಡಿದ್ದಾರೆಯೇ, ಬೆಡ್ ಖಚಿತವೇ? ಹೊರಡುವ ಮುನ್ನ ಇಲ್ಲಿ ಮಾಡಬಹುದಾದದ್ದು ಮುಗಿಯಿತೇ? ವಾಹನದಲ್ಲಿ ವೆಂಟಿಲೇಟರ್ ಇದೆಯೇ, ಅದನ್ನು ನಡೆಸಬಲ್ಲವರು ಜೊತೆಗೆ ಬರುತ್ತಾರೆಯೇ? ಯಾರಾದರೂ ವಿಮಾನದ ಮಾತೆತ್ತಿದರೆ ಐದನೆಯದನ್ನೂ ಸೇರಿಸಿ: ಈ ಬೆಡ್ಡಿನಿಂದ ಆ ಬೆಡ್ಡಿಗೆ ಒಟ್ಟು ಎಷ್ಟು ಗಂಟೆ?

ಸರ್ಕಾರವನ್ನು ಕೇಳುವುದು ಬೇರೆ ಇದೆ. ಜಿಲ್ಲೆಗೊಂದು ಹೆಲಿಪ್ಯಾಡ್ ಆಗಲಿ, ಹವೆ ತಿಳಿಯಾದ ದಿನ ದೂರದ ರೋಗಿಗೆ ಅದು ಜೀವ ಕೊಟ್ಟೀತು. ಅದಕ್ಕೂ ಮೊದಲು ಎಲ್ಲ ತಾಲೂಕಿಗೆ ವೆಂಟಿಲೇಟರ್ ಸಹಿತದ, ತರಬೇತಾದ ಸಿಬ್ಬಂದಿಯ ಆಂಬ್ಯುಲೆನ್ಸ್ ಬೇಕು. ಬೆಡ್ ಎಲ್ಲಿದೆ ಎಂದು ವೈದ್ಯರಿಗೆ ಹೇಳುವ, ರಾತ್ರಿಯೂ ಎತ್ತುವ ಒಂದು ಫೋನ್ ಸಂಖ್ಯೆ ಬೇಕು, 1996ರಲ್ಲೇ ಕೋರ್ಟ್ ಹೇಳಿದ್ದು. ಎಲ್ಲಕ್ಕಿಂತ ಮೇಲೆ, ಅಷ್ಟು ದೂರ ಸಾಗಿಸುವ ಅಗತ್ಯವನ್ನೇ ಕಡಿಮೆ ಮಾಡುವ ಆಸ್ಪತ್ರೆ ಜಿಲ್ಲೆಯ ಒಳಗೇ ಬೇಕು. ಲಾರೇ ಮಾಡಿದ್ದು ಅದನ್ನೇ ಅಲ್ಲವೇ? ಗಾಯಾಳುವಿನ ಹತ್ತಿರಕ್ಕೆ ವೈದ್ಯನನ್ನು ಒಯ್ದ.